ಕಡಲ ನಡುವೆ ಅರ್ಥಿಂಗ್ ಎಲ್ಲಿದೆ?

ನಮ್ಮ ಮನೆಯ ಹಿಂದೆ, ತೆಂಗಿನ ಮರದ ಪಕ್ಕದಲ್ಲಿ ಒಂದು ಅರ್ಥಿಂಗ್ ಗುಂಡಿ ಇದೆ. ಅಪ್ಪ ಇದ್ದಾಗ ಮಾಡಿಸಿದ್ದು. ತಾಮ್ರದ ತಗಡು ಇಳಿಸಿ, ಸುತ್ತ ಒಂದು ಪದರ ಇದ್ದಿಲು, ಒಂದು ಪದರ ಕಲ್ಲುಪ್ಪು ಹಾಕಿ ಮಣ್ಣು ಮುಚ್ಚಿದ್ದು ನನಗೆ ಚೆನ್ನಾಗಿ ನೆನಪಿದೆ. ಏಪ್ರಿಲ್ ಬಂತೆಂದರೆ ಅಮ್ಮ ದಿನಾ ಸಂಜೆ ಅದಕ್ಕೆ ನೀರು ಸುರಿಯುತ್ತಾಳೆ. ‘ತುಳಸಿಗೆ ಒಂದು ಚೊಂಬು, ಕರೆಂಟಿಗೆ ಒಂದು ಕೊಡ’ ಎನ್ನುವುದು ಅವಳ ಲೆಕ್ಕ. ನೆಲ ಒಣಗಿದರೆ ಅರ್ಥಿಂಗ್ ಸೋಲುತ್ತದೆ ಎಂಬುದನ್ನು ಅವಳಿಗೆ ಯಾರೂ ಎರಡು ಸಲ ಹೇಳಬೇಕಾಗಲಿಲ್ಲ.

ಕುಂದಾಪುರದಲ್ಲಿ ನನ್ನದೊಂದು ರೇಡಿಯೋ, ಟಿ.ವಿ. ರಿಪೇರಿ ಅಂಗಡಿ. 28 ವರ್ಷದಿಂದ ಇದೇ ಕೆಲಸ. ಎಷ್ಟೋ ಮನೆಗಳ ಅರ್ಥಿಂಗ್ ನೋಡಿದ್ದೇನೆ, ಸರಿಪಡಿಸಿದ್ದೇನೆ. ಹಾಗಾಗಿಯೇ ಒಂದು ಹಾಯಿದೋಣಿಯ ರೇಡಿಯೋಗೆ ಅರ್ಥ್ ಮಾಡಿಕೊಡು ಎಂದು ಭಾವ ಕೇಳಿದಾಗ, ಇದೇನು ಮಹಾ ಎಂದುಕೊಂಡೆ. ಆ ಉದಾಸೀನಕ್ಕೆ ನನ್ನ ಅಕ್ಕನ ತಲೆಯೇ ಒಡೆಯುವುದರಲ್ಲಿತ್ತು. ಆ ಕತೆ ಇದು.

ಭಾವನ ದೋಣಿ

ಭಾವ ಸರಕು ಹಡಗುಗಳಲ್ಲಿ ಮೂವತ್ತು ವರ್ಷ ದುಡಿದವರು. ನಿವೃತ್ತರಾದ ಮೇಲೆ ಗೋವಾದಲ್ಲಿ ಮನೆ ಮಾಡಿ, ಒಂದು ಹಳೆಯ ಹಾಯಿದೋಣಿ ಕೊಂಡರು. 36 ಅಡಿ ಉದ್ದದ ಫೈಬರ್ ದೋಣಿ. ಒಳಗೆ ಇಬ್ಬರು ಮಲಗುವಷ್ಟು ಜಾಗ, ಒಂದು ಪುಟ್ಟ ಒಲೆ, ನಕ್ಷೆ ಹರಡಲು ಒಂದು ಮೇಜು. ಮಾಂಡೋವಿ ನದಿಯಲ್ಲಿ ಅದರ ಲಂಗರು. ಅಕ್ಕನನ್ನು ಕೂರಿಸಿಕೊಂಡು ಗೋವಾದಿಂದ ಕೊಚ್ಚಿಗೆ ಹೋಗಬೇಕೆಂಬುದು ಭಾವನ ಬಹುದಿನದ ಆಸೆ. 600 ಕಿಲೋಮೀಟರಿಗೂ ಹೆಚ್ಚಿನ ದಾರಿ. ಗಾಳಿ ಒಲಿದರೆ ನಾಲ್ಕು ದಿನ. ದಡದ ಹತ್ತಿರ ರಾತ್ರಿ ಹೊತ್ತು ಮೀನುಗಾರಿಕೆ ಬೋಟುಗಳು, ಬಲೆಗಳು ಬಹಳ. ಆದ್ದರಿಂದ 80-90 ಕಿಲೋಮೀಟರ್ ಒಳಗಡಲಿಗೆ ಹೋಗಿ, ಅಲ್ಲಿಂದ ದಕ್ಷಿಣಕ್ಕೆ ಸಾಗುವುದೆಂದು ಯೋಜನೆ.

ಅಷ್ಟು ದೂರದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಹಡಗು, ಬೋಟುಗಳಲ್ಲಿ ಇರುವ ವಿ.ಎಚ್.ಎಫ್. ರೇಡಿಯೋ ಉಪಯೋಗಿಯೇ, ಅಪಾಯದಲ್ಲಿ ಕೂಗಲು ಅದರ 16ನೇ ಚಾನೆಲ್, ಅಂದರೆ 156.8 ಮೆಗಾಹರ್ಟ್ಸ್, ಮೀಸಲಾಗಿದೆ. ಆದರೆ ಆ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ಭೂಮಿಯೋ ದುಂಡಗಿದೆ. 15 ಮೀಟರ್ ಎತ್ತರದ ಹಾಯಿಕಂಬದ ತುದಿಯಲ್ಲಿ ಆಂಟೆನಾ ಇಟ್ಟರೂ, ಅಂಥದ್ದೇ ಇನ್ನೊಂದು ದೋಣಿಗೆ ಸುಮಾರು 30 ಕಿಲೋಮೀಟರ್ ತನಕ ಮಾತ್ರ ಮಾತು ತಲುಪೀತು.

ದೂರಕ್ಕೆ ಬೇಕಾದದ್ದು ಎಚ್.ಎಫ್., ಅಂದರೆ 3ರಿಂದ 30 ಮೆಗಾಹರ್ಟ್ಸ್‌ವರೆಗಿನ ಅಲೆಗಳು. ಇವು ಮೇಲೆ ಹೋಗಿ, ಅಯಾನುಗೋಳ ಎಂಬ ವಾತಾವರಣದ ಪದರಕ್ಕೆ ಬಡಿದು ಮತ್ತೆ ಕೆಳಗಿಳಿಯುತ್ತವೆ. ಹೀಗೆ ನೂರಾರು, ಸಾವಿರಾರು ಕಿಲೋಮೀಟರ್ ದಾಟುತ್ತವೆ. ಭಾವನೂ ನಾನೂ ಇಬ್ಬರೂ ಲೈಸೆನ್ಸ್ ಇರುವ ಹ್ಯಾಮ್‌ಗಳು. ದೋಣಿಯಿಂದ ಮಾತಾಡಲು ಬೇಕಾದ ಅನುಮತಿಯನ್ನೂ ಭಾವ ಪಡೆದಿದ್ದರು. 150 ವ್ಯಾಟ್‌ನ ಎಚ್.ಎಫ್. ಸೆಟ್ ಬಂತು. ಅದನ್ನು ಕೂರಿಸುವ ಕೆಲಸ ನನಗೆ ಬಂತು.

ನಾನು ಮಾಡಿದ ‘ಗಟ್ಟಿ’ ಕೆಲಸ

ಹಾಯಿಕಂಬದ ತುದಿಯಿಂದ ದೋಣಿಯ ಹಿಂಬದಿಗೆ ಒಂದು ದಪ್ಪ ಉಕ್ಕಿನ ತಂತಿ ಬಿಗಿದಿರುತ್ತದೆ. ಕಂಬ ಮುಂದಕ್ಕೆ ವಾಲದಂತೆ ಹಿಡಿಯುವುದು ಅದರ ಕೆಲಸ. ಹಾಯಿಗಾರರು ಅದನ್ನು ಬ್ಯಾಕ್‌ಸ್ಟೇ ಎನ್ನುತ್ತಾರೆ. ಆ ತಂತಿಯ ಮೇಲೊಂದು, ಕೆಳಗೊಂದು ಇನ್ಸುಲೇಟರ್ ಹಾಕಿದರೆ ನಡುವಿನ ಭಾಗವೇ ಆಂಟೆನಾ. ನಮ್ಮದು ಸುಮಾರು 11 ಮೀಟರ್ ಇತ್ತು. ಕೆಳಗಿನ ಇನ್ಸುಲೇಟರ್ ಆಳೆತ್ತರಕ್ಕಿಂತ ಮೇಲಿರಬೇಕು. ಮಾತಾಡುವಾಗ ಆ ತಂತಿ ಮುಟ್ಟಿದರೆ ಕೈ ಸುಡುತ್ತದೆ.

ರೇಡಿಯೋಗೂ ಆಂಟೆನಾಗೂ ನಡುವೆ ಟ್ಯೂನರ್ ಎಂಬ ಪೆಟ್ಟಿಗೆ ಇರುತ್ತದೆ. ಬೇರೆ ಬೇರೆ ತರಂಗಗಳಿಗೆ ಒಂದೇ ತಂತಿಯನ್ನು ಹೊಂದಿಸಿಕೊಡುವುದು ಅದರ ಕೆಲಸ. ಅದನ್ನು ನಕ್ಷೆಯ ಮೇಜಿನ ಕೆಳಗೆ, ರೇಡಿಯೋದ ಹತ್ತಿರವೇ ಇಟ್ಟೆ. ಕೈಗೆ ಸಿಗುವ ಜಾಗ ನೋಡಿ! ಅಲ್ಲಿಂದ ಆಂಟೆನಾಕ್ಕೆ ದೋಣಿಯ ಒಳಗೇ ಉದ್ದಕ್ಕೆ ಒಂದು ವೈರ್ ಎಳೆದೆ.

ಇನ್ನು ಅರ್ಥ್. ಕಬ್ಬಿಣದ ಹಡಗಾದರೆ ಅದರ ಒಡಲೇ ಅರ್ಥ್. ಫೈಬರಿನಲ್ಲಿ ಕರೆಂಟ್ ಹರಿಯುವುದಿಲ್ಲ. ದೋಣಿಯ ತಳದಲ್ಲಿ, ನೀರಿನೊಳಗೆ, ಅದು ಮಗುಚದಂತೆ ಭಾರಕ್ಕೆ ಸೀಸದ ಕೀಲ್ ಇರುತ್ತದೆ. ಅದನ್ನು ಹಿಡಿದಿರುವ ಬೋಲ್ಟುಗಳು ಒಳಗೆ ಕಾಣುತ್ತವೆ. ಒಂದು ಬೋಲ್ಟಿಗೆ, 3 ಮೀಟರ್ ಉದ್ದದ ದಪ್ಪ ಹಸಿರು ತಾಮ್ರದ ವೈರ್ ಬಿಗಿದೆ. ಮೀಟರ್ ಹಿಡಿದು ನೋಡಿದೆ. ಸೊನ್ನೆ!

“ಝೀರೋ ಓಮ್ ಭಾವ! ಇಡೀ ಕುಂದಾಪುರದಲ್ಲಿ ಇಷ್ಟು ಚೆಂದದ ಅರ್ಥ್ ಇಲ್ಲ” ಎಂದೆ.

“ನೀನು ಮಾಡಿದ ಮೇಲೆ ಕೇಳಬೇಕಾ ಮಾರಾಯ” ಎಂದರು ಭಾವ.

ಆ ಸಂಜೆ

ನವೆಂಬರಿನಲ್ಲಿ ಭಾವ, ಅಕ್ಕ ಇಬ್ಬರೂ ಒಂದು ದಿನದ ಪ್ರಯೋಗದ ಪಯಣಕ್ಕೆ ಹೊರಟರು. ಸಂಜೆ ಆರೂವರೆಗೆ 7 ಮೆಗಾಹರ್ಟ್ಸ್‌ನಲ್ಲಿ ಮಾತಾಡುವುದೆಂದು ಮಾತಾಗಿತ್ತು. ನಾನು ಮನೆಯಲ್ಲಿ ರೇಡಿಯೋ ಮುಂದೆ ಕಾದು ಕೂತೆ. ಭಾವನ ದನಿ ಬಂತು, ಬಾವಿಯ ತಳದಿಂದ ಬಂದ ಹಾಗೆ. ನಾಲ್ಕು ಮಾತಿನಲ್ಲಿ ಒಂದು ಕೇಳಿಸಿತು. ಆಮೇಲೆ ಅದೂ ಇಲ್ಲ.

ದೋಣಿಯಲ್ಲಿ ಏನಾಯಿತೆಂದು ಮರುದಿನ ತಿಳಿಯಿತು. ಭಾವ ಮೈಕಿನ ಗುಂಡಿ ಒತ್ತಿದಾಗಲೆಲ್ಲ ಆರಿಸಿದ್ದ ದೀಪ ತಾನಾಗಿ ಮಿಣುಕುತ್ತಿತ್ತು. ಮೈಕಿನ ಲೋಹ ತುಟಿಗೆ ತಾಗಿ ಚುರ್ರೆಂದಿತು. ಮೂರನೆಯ ಸಲ ಒತ್ತಿದಾಗ, ದೋಣಿಯನ್ನು ತಾನಾಗಿ ನಡೆಸುವ ಆಟೋಪೈಲಟ್ ಇದ್ದಕ್ಕಿದ್ದಂತೆ ಚುಕ್ಕಾಣಿ ತಿರುಗಿಸಿಬಿಟ್ಟಿತು. ಗಾಳಿ ಹಾಯಿಯ ಇನ್ನೊಂದು ಮಗ್ಗುಲಿಗೆ ಹೊಡೆಯಿತು. ಹಾಯಿಯ ಬುಡದ ಅಡ್ಡಕಂಬ, ಅದನ್ನು ಬೂಮ್ ಎನ್ನುತ್ತಾರೆ, ಬಲದಿಂದ ಎಡಕ್ಕೆ ಬೀಸಿ ಬಂತು. ಮನುಷ್ಯನ ತಲೆ ಸಿಕ್ಕರೆ ಉಳಿಸುವ ವಸ್ತುವಲ್ಲ ಅದು.

ಆ ಹೊತ್ತಿಗೆ ಸರಿಯಾಗಿ ಅಕ್ಕ, ಬಿದ್ದ ಟಿಫಿನ್ ಡಬ್ಬಿಯ ಮುಚ್ಚಳ ಎತ್ತಲು ಬಗ್ಗಿದ್ದಳು. ಬೂಮ್ ಅವಳ ಬೆನ್ನ ಮೇಲಿಂದ ಹಾದುಹೋಯಿತು.

“ತಮ್ಮಾ, ನಿನ್ನ ಅರ್ಥಿಂಗ್ ಸರಿಯಾಗುವ ತನಕ ನಾನು ಆ ದೋಣಿ ಹತ್ತುವುದಿಲ್ಲ” ಎಂದು ಫೋನಿನಲ್ಲಿ ಹೇಳಿದಳು. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಬೈಯಲಿಲ್ಲ.

ಮಗಳ ಪ್ರಶ್ನೆ

ಕ್ರಿಸ್‌ಮಸ್ ರಜೆಯಲ್ಲಿ, ಎಂಟನೆಯ ತರಗತಿಯ ಮಗಳನ್ನೂ ಕರೆದುಕೊಂಡು ಮಡಗಾಂವ್ ರೈಲು ಹತ್ತಿದೆ. ದೋಣಿಯಲ್ಲಿ ಮತ್ತೆ ಮೀಟರ್ ಹಿಡಿದೆ. ಮತ್ತೆ ಸೊನ್ನೆ. ವೈರ್ ಸರಿ, ಬೋಲ್ಟ್ ಸರಿ. ಹಾಗಾದರೆ ತಪ್ಪೆಲ್ಲಿ?

ಮೀಟರ್ ಹಿಡಿದು ನಿಂತಿದ್ದ ಮಗಳು ಕೇಳಿದಳು, “ಅಪ್ಪಾ, ಇದು ಯಾವ ಕರೆಂಟಿಂದ ಅಳೆಯುತ್ತೆ?”

“ಒಳಗಿರುವ ಬ್ಯಾಟರಿಯಿಂದ.”

“ರೇಡಿಯೋ ಕರೆಂಟೂ ಬ್ಯಾಟರಿ ಥರಾನೇ ಇರುತ್ತಾ?”

ನಾನು ಮೀಟರ್ ಕೆಳಗಿಟ್ಟೆ. ಉತ್ತರ ನನಗೆ ಗೊತ್ತಿತ್ತು. ಹ್ಯಾಮ್ ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಮನೆಗಳ ಅರ್ಥಿಂಗ್ ಮಾಡಿ ಮಾಡಿ ಅದನ್ನು ಮರೆತಿದ್ದೆ.

ಬ್ಯಾಟರಿಯ ಕರೆಂಟ್ ಒಂದೇ ದಿಕ್ಕಿಗೆ ಹರಿಯುತ್ತದೆ. ಮನೆಯ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡಾಡುತ್ತದೆ. ನಮ್ಮ ರೇಡಿಯೋದ ಕರೆಂಟ್ ಓಡಾಡುವುದು ಸೆಕೆಂಡಿಗೆ 70 ಲಕ್ಷ ಸಲ! ಜಾತ್ರೆಯ ತೇರನ್ನು ನೆನಪಿಸಿಕೊಳ್ಳಿ. ಒಂದೇ ದಿಕ್ಕಿಗೆ ಎಳೆಯುತ್ತ ಹೋದರೆ ತೇರು ಉರುಳುತ್ತದೆ. ಅದೇ ತೇರನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ, ಮುಂದೆ, ಹಿಂದೆ, ಮುಂದೆ ಎಳೆದರೆ? ನಿಂತಲ್ಲಿಂದ ಕದಲುವುದಿಲ್ಲ. ಉದ್ದನೆಯ ವೈರಿನಲ್ಲೂ ಕರೆಂಟಿಗೆ ಇಂಥದ್ದೇ ಒಂದು ಜಡತನ ಇರುತ್ತದೆ. ಇಂಡಕ್ಟೆನ್ಸ್ ಎಂದು ಅದರ ಹೆಸರು.

ಲೆಕ್ಕ ಹಾಕಿ ನೋಡಿದೆ. ನನ್ನ 3 ಮೀಟರ್ ವೈರ್ ಬ್ಯಾಟರಿ ಕರೆಂಟಿಗೆ ಒಡ್ಡುವ ತಡೆ ಒಂದು ಓಮ್‌ನ ನೂರರಲ್ಲೊಂದು ಪಾಲೂ ಇಲ್ಲ. 7 ಮೆಗಾಹರ್ಟ್ಸ್‌ನಲ್ಲಿ ಅದೇ ವೈರಿನ ಅಡ್ಡಿ ಸುಮಾರು 200 ಓಮ್! ಮೀಟರ್ ಸುಳ್ಳು ಹೇಳಿರಲಿಲ್ಲ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು.

ತೋಡಿಗೆ ಮಣ್ಣು ಹಾಕಿ ಮುಚ್ಚಿದರೆ ಮಳೆನೀರು ಸುಮ್ಮನಿರುತ್ತದೆಯೇ? ಪಕ್ಕದ ಅಂಗಳಕ್ಕೆ ನುಗ್ಗುತ್ತದೆ. ರೇಡಿಯೋ ಕರೆಂಟೂ ಹಾಗೇ ಮಾಡಿತ್ತು. ಅರ್ಥಿನ ದಾರಿ ಕಷ್ಟವೆಂದು ದೀಪದ ವೈರು, ಆಟೋಪೈಲಟ್‌ನ ವೈರು, ಕೊನೆಗೆ ಭಾವನ ತುಟಿ, ಎಲ್ಲ ಕಡೆ ನುಗ್ಗಿತ್ತು. ಟ್ಯೂನರಿನಿಂದ ಹೊರಟ ಆಂಟೆನಾ ವೈರನ್ನು ನಾನು ದೋಣಿಯ ಒಳಗೇ ಎಳೆದಿದ್ದು ಇನ್ನೊಂದು ತಪ್ಪು. ಟ್ಯೂನರ್ ದಾಟಿದ ಮೇಲೆ ಆ ವೈರೂ ಆಂಟೆನಾವೇ.

ಹಾರಬೇಕಾದರೆ ನೆಲ ಬೇಕು

“ಆಂಟೆನಾ ಮೇಲಿದೆಯಲ್ಲ, ಅದಕ್ಕೆ ಕೆಳಗಿನ ಅರ್ಥ್ ಯಾಕೆ?” ಮಗಳ ಮುಂದಿನ ಪ್ರಶ್ನೆ. ಭಾವ ಅವಳಿಗೆ ಹೇಳಿದ ಉತ್ತರ ನನಗೂ ಹಿಡಿಸಿತು.

“ಪುಟ್ಟೀ, ಬಂಡೆಯ ಮೇಲಿಂದ ದಡಕ್ಕೆ ಹಾರು, ದೂರ ಹಾರ್ತಿ. ಪುಟ್ಟ ದೋಣಿಯಿಂದ ಹಾರು, ದೋಣಿ ಹಿಂದಕ್ಕೆ ಜಾರಿ ನೀನು ನೀರಿಗೆ ಬೀಳ್ತಿ. ಕಾಲಿಗೆ ಗಟ್ಟಿ ನೆಲ ಬೇಕು.”

ಆಂಟೆನಾದ ತಂತಿಯೊಳಗೆ ಕರೆಂಟನ್ನು ಮೇಲಕ್ಕೆ ತಳ್ಳಬೇಕಾದರೆ, ರೇಡಿಯೋ ಅಷ್ಟೇ ಕರೆಂಟನ್ನು ಇನ್ನೊಂದು ಕಡೆಗೆ ತಳ್ಳಬೇಕು. ಆ ಇನ್ನೊಂದು ಕಡೆಯೇ ಅರ್ಥ್. ಅಂದರೆ ಕಣ್ಣಿಗೆ ಕಾಣುವ ತಂತಿ ಅರ್ಧ ಆಂಟೆನಾ ಮಾತ್ರ, ಉಳಿದರ್ಧ ಕೆಳಗಿದೆ. ಕೆಳಗಿನ ಅರ್ಧದಲ್ಲಿ ಶಕ್ತಿ ಪೋಲಾದರೆ ಮೇಲಿನದಕ್ಕೆ ಉಳಿಯುವುದು ಕಡಿಮೆ. ಆಂಟೆನಾದ ಪಾಲು 10 ಓಮ್, ಅರ್ಥಿನ ನಷ್ಟ 30 ಓಮ್ ಎಂದುಕೊಳ್ಳಿ. ಆಗ 150 ವ್ಯಾಟ್‌ನಲ್ಲಿ ಆಕಾಶಕ್ಕೆ ಹೋಗುವುದು 37 ವ್ಯಾಟ್ ಮಾತ್ರ. ಉಳಿದದ್ದು ಬಿಸಿಯಾಗಿ ಹಾಳು.

ಇದನ್ನು ಮೊದಲು ಬಳಕೆಗೆ ತಂದು ಗೆದ್ದವರು ಮಾರ್ಕೋನಿ. ತಂತಿಯ ಒಂದು ತುದಿಯನ್ನು ಎತ್ತರಕ್ಕೇರಿಸಿ, ಇನ್ನೊಂದನ್ನು ನೆಲಕ್ಕೆ ಸೇರಿಸಿದರೆ ಸಂದೇಶ ಬಹು ದೂರ ಹೋಗುತ್ತದೆಂದು 1895ರಲ್ಲೇ ಅವರು ಕಂಡುಕೊಂಡರು. 1901ರ ಡಿಸೆಂಬರ್ 12ರಂದು ಇಂಗ್ಲೆಂಡಿನ ಪೋಲ್ಡುವಿನಿಂದ ಹೊರಟ ಸಂಕೇತವನ್ನು ಅಟ್ಲಾಂಟಿಕ್ ಸಾಗರದ ಆಚೆ, ನ್ಯೂಫೌಂಡ್‌ಲ್ಯಾಂಡಿನಲ್ಲಿ ಗಾಳಿಪಟಕ್ಕೆ ಕಟ್ಟಿದ ತಂತಿಯಿಂದ ಕೇಳಿಸಿಕೊಂಡೆನೆಂದು ಅವರು ಸಾರಿದರು. ಗಾಳಿಪಟವನ್ನು ಎಲ್ಲರೂ ನೆನಪಿಡುತ್ತಾರೆ. ಅರ್ಥನ್ನು ಯಾರೂ ನೆನಪಿಡುವುದಿಲ್ಲ.

ಅಂಗೈ ಅಗಲದ ಕಡಲು

ನಮ್ಮ ಮನೆಯ ಗುಂಡಿಗೆ ಉಪ್ಪು ಹಾಕಿದ್ದೇಕೆ? ಉಪ್ಪುನೀರಿನಲ್ಲಿ ಕರೆಂಟ್ ಚೆನ್ನಾಗಿ ಹರಿಯುತ್ತದೆ. ನಮ್ಮ ಬಾವಿಯ ನೀರಿಗೆ ಹೋಲಿಸಿದರೆ ಕಡಲ ನೀರು ನೂರಾರು ಪಟ್ಟು ಒಳ್ಳೆಯ ವಾಹಕ. ಅಷ್ಟು ದೊಡ್ಡ ಉಪ್ಪಿನ ಗುಂಡಿಯ ಮೇಲೇ ದೋಣಿ ತೇಲುತ್ತಿದೆ. ಅದನ್ನು ಮುಟ್ಟುವುದು ಹೇಗೆ ಎಂಬುದಷ್ಟೇ ಪ್ರಶ್ನೆ.

ಇಲ್ಲೂ ಒಂದು ಸ್ವಾರಸ್ಯವಿದೆ. ರೇಡಿಯೋ ಕರೆಂಟ್ ವಸ್ತುವಿನ ಆಳಕ್ಕೆ ಇಳಿಯುವುದಿಲ್ಲ, ಮೈಮೇಲೇ ಓಡಾಡುತ್ತದೆ. 7 ಮೆಗಾಹರ್ಟ್ಸ್‌ನಲ್ಲಿ ತಾಮ್ರದಲ್ಲಿ ಅದು ಓಡಾಡುವುದು ಹೆಚ್ಚಾಗಿ ಮಿಲಿಮೀಟರಿನ ನಲವತ್ತರಲ್ಲೊಂದು ಪಾಲಿನಷ್ಟು ಮೇಲ್ಪದರದಲ್ಲಿ. ಅದು ಕೂದಲಿಗಿಂತ ತೆಳು. ಹಾಗಾಗಿ ವೈರ್ ಎಷ್ಟು ದಪ್ಪಗಿದ್ದರೇನು? ಅಗಲವಾದ ತೆಳು ತಗಡೇ ಮೇಲು. ಕಡಲ ನೀರಿನಲ್ಲೂ ಅಷ್ಟೇ, ಮೇಲಿನ ಎಂಟೊಂಬತ್ತು ಸೆಂಟಿಮೀಟರಿನಲ್ಲೇ ಅದರ ಓಡಾಟ ಹೆಚ್ಚು. ಆಳ ಎಷ್ಟೇ ಇರಲಿ, ರೇಡಿಯೋಗೆ ಬೇಕಾದದ್ದು ಅಂಗೈ ಅಗಲದ ಕಡಲು! ತಳದ ಕೀಲಿಗೆ ವೈರ್ ಬಿಗಿದ ನಾನು, ತೋಟದ ಬೇಲಿಗೆ ನೀರು ಹಾಕಿ ಗಿಡ ಚಿಗುರಲೆಂದು ಕಾದ ಹಾಗಾಗಿತ್ತು.

ಎಲ್ಲ ಬಿಚ್ಚಿದೆವು. ಟ್ಯೂನರನ್ನು ಮೇಜಿನ ಕೆಳಗಿನಿಂದ ಎತ್ತಿ, ದೋಣಿಯ ಹಿಂತುದಿಯ ಸಾಮಾನುಗೂಡಿನಲ್ಲಿ, ಆಂಟೆನಾದ ಬುಡದಲ್ಲೇ ಕೂರಿಸಿದೆವು. ಅಲ್ಲೇ ಅರ್ಧ ಮೀಟರ್ ದೂರದಲ್ಲಿ, ಮೇಲಟ್ಟದ ನೀರು ಹೊರಹೋಗುವ ಕಂಚಿನ ವಾಲ್ವ್ ಇತ್ತು. ಅದರ ಹೊರಬಾಯಿ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ. ಟ್ಯೂನರಿನಿಂದ ಅದಕ್ಕೆ 75 ಮಿಲಿಮೀಟರ್ ಅಗಲದ ತಾಮ್ರದ ತೆಳು ಪಟ್ಟಿ ಎಳೆದೆವು. ಈಗ ಲೆಕ್ಕ ಹಾಕಿದರೆ ಅಡ್ಡಿ 15 ಓಮ್‌ನ ಆಸುಪಾಸು. 200 ಎಲ್ಲಿ, 15 ಎಲ್ಲಿ! ಅಗಲಕ್ಕಿಂತಲೂ ಕೆಲಸ ಮಾಡಿದ್ದು ಹತ್ತಿರ. ದಾರಿ ಗಿಡ್ಡವಾಗಿತ್ತು.

ಭಾವನ ಎಚ್ಚರಿಕೆ

ನಾನು ಸ್ಕ್ರೂ ಬಿಗಿಯುವಷ್ಟರಲ್ಲಿ ಭಾವ ತಡೆದರು. “ನಿನ್ನ ಅರ್ಥ್ ನನ್ನ ದೋಣಿಯ ತಳ ತಿನ್ನದಿರಲಿ ಮಾರಾಯ!”

ಅವರ ಭಯ ನ್ಯಾಯವಾದದ್ದೇ. ಉಪ್ಪುನೀರಿನಲ್ಲಿ ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಂತಿಯಿಂದ ಸೇರಿದರೆ ಅದೇ ಒಂದು ಬ್ಯಾಟರಿ. ಆ ಬ್ಯಾಟರಿ ಕೆಲಸ ಮಾಡುತ್ತ ಒಂದು ಲೋಹವನ್ನು ಮೆಲ್ಲಗೆ ಕರಗಿಸುತ್ತದೆ. ನೀರಿನ ಮಟ್ಟದ ಕೆಳಗಿನ ವಾಲ್ವ್ ಸವೆದು ಒಡೆದರೆ ದೋಣಿಯೊಳಗೆ ಕಡಲು.

ಉಪಾಯ ಸರಳ. ತಾಮ್ರದ ಪಟ್ಟಿಯನ್ನು ನಡುವೆ ಕತ್ತರಿಸಿ, ಎರಡೂವರೆ ಮಿಲಿಮೀಟರ್ ಸಂದು ಬಿಟ್ಟೆವು. ಆ ಸಂದಿಗೆ ಅಡ್ಡಲಾಗಿ 0.1 ಮೈಕ್ರೋಫ್ಯಾರಡ್‌ನ ನಾಲ್ಕು ಸೆರಾಮಿಕ್ ಕೆಪಾಸಿಟರ್ ಬೆಸುಗೆ ಹಾಕಿದೆವು. ಲೋಹ ತಿನ್ನುವ ಕರೆಂಟ್ ಒಂದೇ ದಿಕ್ಕಿನದು, ಅದಕ್ಕೆ ಇಲ್ಲಿ ದಾರಿ ಬಂದ್. ಹಿಂದೆ ಮುಂದೆ ಓಡುವ ರೇಡಿಯೋ ಕರೆಂಟಿಗೆ ಇದೊಂದು ತೆರೆದ ಬಾಗಿಲು. ಮಗಳು ಮೀಟರ್ ಹಿಡಿದು ನೋಡಿ, “ಅಪ್ಪಾ, ಕನೆಕ್ಷನ್ನೇ ಇಲ್ಲ ಅಂತಿದೆ” ಎಂದಳು. ಹಿಂದೆ ‘ಸರಿ’ ಎಂದಾಗ ತಪ್ಪಿತ್ತು, ಈಗ ‘ಇಲ್ಲ’ ಎಂದಾಗ ಸರಿಯಿತ್ತು. ಮೂವರೂ ನಕ್ಕೆವು.

ಮರುದಿನ ಬೆಳಿಗ್ಗೆ ಲಂಗರಿನಲ್ಲೇ ನಿಂತು ಭಾವ ಕರೆ ಕೊಟ್ಟರು. ಮೈಸೂರಿನ ಹ್ಯಾಮ್ ಗೆಳೆಯರೊಬ್ಬರು ಉತ್ತರಿಸಿದರು. ನಾವು ಹ್ಯಾಮ್‌ಗಳು ಸಿಗ್ನಲ್ಲಿಗೆ ಅಂಕ ಕೊಡುತ್ತೇವೆ. ಸ್ಪಷ್ಟತೆಗೆ 5ರ ತನಕ, ಬಲಕ್ಕೆ 9ರ ತನಕ. ನವೆಂಬರಿನಲ್ಲಿ ನಾನು ಭಾವನಿಗೆ ಕೊಟ್ಟಿದ್ದು 2 ಮತ್ತು 3. ಮೈಸೂರಿನವರು ಕೊಟ್ಟದ್ದು 5 ಮತ್ತು 9. ದೀಪ ಮಿಣುಕಲಿಲ್ಲ. ಆಟೋಪೈಲಟ್ ಅಲುಗಲಿಲ್ಲ. ಅಕ್ಕ ದಡದಿಂದ ಪುಟ್ಟ ದೋಣಿಯಲ್ಲಿ ಬಂದು ಹತ್ತಿದಳು. ಹತ್ತಿದವಳೇ ಬೂಮನ್ನು ಒಮ್ಮೆ ಕೈಯಿಂದ ತಟ್ಟಿ ನೋಡಿದಳು.

ಆದರೂ ಎಲ್ಲ ಭಾರವನ್ನೂ ಒಂದು ತಂತಿಯ ಮೇಲೆ ಹಾಕುವಂತಿಲ್ಲ. 2018ರ ಸೆಪ್ಟೆಂಬರ್ 21ರಂದು, ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿ ಒಬ್ಬರೇ ಹೊರಟಿದ್ದ ನಮ್ಮ ನೌಕಾಪಡೆಯ ಅಭಿಲಾಷ್ ಟೋಮಿ ಅವರ ‘ತುರೀಯ’ ದೋಣಿ ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಗೆ ಮಗುಚಿ, ಹಾಯಿಕಂಬ ಮುರಿಯಿತು. ಬೆನ್ನಿಗೆ ಪೆಟ್ಟಾಗಿ ಏಳಲಾರದೆ ಮಲಗಿದ್ದ ಅವರನ್ನು 24ರಂದು ಫ್ರಾನ್ಸಿನ ಒಸಿರಿಸ್ ನೌಕೆ ರಕ್ಷಿಸಿತು. ಕಂಬ ಬಿದ್ದರೆ ಬ್ಯಾಕ್‌ಸ್ಟೇ ಆಂಟೆನಾವೂ ಬಿತ್ತೆಂದೇ ಅರ್ಥ. ಹಾಗಾಗಿ ಭಾವನ ದೋಣಿಯಲ್ಲಿ ಸುತ್ತಿಟ್ಟ ಇನ್ನೊಂದು ತಂತಿ ಆಂಟೆನಾ ಇದೆ. ಉಪಗ್ರಹಕ್ಕೆ 406 ಮೆಗಾಹರ್ಟ್ಸ್‌ನಲ್ಲಿ ಅಪಾಯದ ಸಂಕೇತ ಕಳಿಸುವ ಪುಟ್ಟ ಸಾಧನವೂ ಇದೆ.

ಎರಡನೆಯ ಸಂಜೆ

ಜನವರಿಯಲ್ಲಿ ಅವರು ಹೊರಟರು. ಎರಡನೆಯ ಸಂಜೆ ದೋಣಿ ಹೆಚ್ಚುಕಡಿಮೆ ಕುಂದಾಪುರದ ನೇರಕ್ಕೆ, ಸುಮಾರು 90 ಕಿಲೋಮೀಟರ್ ಒಳಗಡಲಿನಲ್ಲಿತ್ತು. ಆರೂವರೆಗೆ ಅಮ್ಮ ಬಂದು ನನ್ನ ಪಕ್ಕ ಸ್ಟೂಲಿನ ಮೇಲೆ ಕೂತಳು.

ಭಾವನ ದನಿ ಪಕ್ಕದ ಕೋಣೆಯಿಂದ ಬಂದಂತೆ ಬಂತು. ಗಾಳಿ ಇಂಥ ಕಡೆಯಿಂದ, ವೇಗ ಇಷ್ಟು, ಎಲ್ಲ ಕ್ಷೇಮ ಎಂದರು. ಅವರ ಮಾತಿನ ಹಿಂದೆ ಪಾತ್ರೆಯ ಸದ್ದು ಕೇಳಿಸಿತು. ಆಮೇಲೆ ದೂರದಿಂದ ಒಂದು ಹೆಣ್ಣುದನಿ: “ರೀ, ಉಪ್ಪು ಎಲ್ಲಿಟ್ರಿ?”

“ಅವಳೇ” ಎಂದಳು ಅಮ್ಮ. ಮತ್ತೇನೂ ಹೇಳಲಿಲ್ಲ.

ಮಾತು ಮುಗಿಸಿ ಸೆಟ್ ಆರಿಸಿ ಹೊರಬಂದಾಗ ಅಮ್ಮ ಹಿತ್ತಲಲ್ಲಿದ್ದಳು. ಅರ್ಥಿಂಗ್ ಗುಂಡಿಗೆ ಕೊಡದಿಂದ ನೀರು ಸುರಿಯುತ್ತಿದ್ದಳು. ಜನವರಿಯಲ್ಲಿ ಅದಕ್ಕೆ ನೀರು ಬೇಕಿರಲಿಲ್ಲ. ನಾನು ಬೇಡ ಎನ್ನಲಿಲ್ಲ.

ನೀವೂ ಮಾಡಿ ನೋಡಿ

ಬೇಕಾದದ್ದು: ಒಂದು 9 ವೋಲ್ಟ್ ಬ್ಯಾಟರಿ, ಒಂದು ಎಲ್.ಇ.ಡಿ. ದೀಪ, 470 ಓಮ್‌ನ ಒಂದು ರೆಸಿಸ್ಟರ್, ಮೂರು ತುಂಡು ವೈರ್, ಒಂದು ಲೋಟ ಬಾವಿ ನೀರು, ಒಂದು ಚಮಚ ಉಪ್ಪು.

ಬ್ಯಾಟರಿ, ರೆಸಿಸ್ಟರ್, ದೀಪ ಇವನ್ನು ಒಂದರ ಹಿಂದೆ ಒಂದು ಜೋಡಿಸಿ. ಉಳಿದ ಎರಡು ವೈರ್ ತುದಿಗಳನ್ನು ಒಂದಕ್ಕೊಂದು ತಾಗದಂತೆ ನೀರಿನಲ್ಲಿ ಅದ್ದಿ. ದೀಪ ಮಂಕಾಗಿ ಉರಿಯಬಹುದು, ಉರಿಯದೆಯೂ ಇರಬಹುದು. ದೀಪದ ಕಾಲುಗಳನ್ನು ಅದಲುಬದಲು ಮಾಡಿಯೂ ಒಮ್ಮೆ ನೋಡಿ. ಈಗ ಉಪ್ಪು ಹಾಕಿ ಕಲಕಿ. ದೀಪ ಹೇಗೆ ಹೊಳೆಯಿತು? ಅರ್ಥಿಂಗ್ ಗುಂಡಿಗೆ ಉಪ್ಪು ಹಾಕುವುದರ ಗುಟ್ಟು ಇದೇ. ಕಿಟಕಿ ತೆರೆದಿಟ್ಟು, ಒಂದೆರಡು ನಿಮಿಷ ಮಾತ್ರ ಮಾಡಿ. ಆಮೇಲೆ ಆ ನೀರು ಚೆಲ್ಲಿ, ಕೈ ತೊಳೆಯಿರಿ.

ಮನೆಯ ಪ್ಲಗ್ಗಿನ ಕರೆಂಟಿನಿಂದ ಈ ಪ್ರಯೋಗ ಎಂದೂ ಬೇಡ. ಮನೆಯ ಅರ್ಥಿಂಗ್ ಪರೀಕ್ಷೆಯನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಕಡಲ ತೀರದವರು ಇನ್ನೊಂದು ಸಂಖ್ಯೆ ನೆನಪಿಡಿ: ಕಡಲಿನಲ್ಲಿ ಯಾರಾದರೂ ಅಪಾಯದಲ್ಲಿದ್ದರೆ ಕರಾವಳಿ ಕಾವಲು ಪಡೆಗೆ ಕರೆ ಮಾಡಲು 1554.